ಮುದ್ದೆ ಬಿಟ್ಟ ಡ್ರೈವರು

ನಾನು ಇಪ್ಪತ್ತಾರು ವರ್ಷ ಸರ್ಕಾರಿ ಬಸ್ಸು ಓಡಿಸಿದವನು. ಅದರಲ್ಲಿ ಹೆಚ್ಚಿನ ಕಾಲ ನಮ್ಮ ಪಕ್ಕದ ವಿಜಯಪುರದಿಂದ ಸೂಲಿಬೆಲೆ ಮೇಲೆ ಹೊಸಕೋಟೆಗೆ ಹೋಗುವ ರೂಟು. ಈಗ ನಮ್ಮ ಹಳ್ಳಿಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಅಂತ ಗೊತ್ತಾದರೆ, ಇಲ್ಲವೇ ಯಾರಿಗಾದರೂ ಹೊಟ್ಟೆ ಇಳಿಸಬೇಕು ಅನ್ನಿಸಿದರೆ, ಮೊದಲು ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಏನು ತಿಂದೆ, ಏನು ಬಿಟ್ಟೆ, ಎಷ್ಟು ಇಳಿಯಿತು ಎಂದು ಕೇಳುತ್ತಾರೆ. ಅಷ್ಟನ್ನು ಎಲ್ಲರಿಗೂ ಹೇಳಿದ್ದೇನೆ. ನಡುವೆ ಒಂದು ಬೆಳಿಗ್ಗೆ ಆದದ್ದನ್ನು ಮಾತ್ರ ಪೂರ್ತಿ ಹೇಳಿದ್ದು ಕಡಿಮೆ, ಏಕೆಂದರೆ ಅದರಲ್ಲಿ ನನ್ನ ತಪ್ಪೇ ಹೆಚ್ಚು. ಇವತ್ತು ಅದನ್ನೇ ಬರೆಯುತ್ತಿದ್ದೇನೆ.

ತೊಂಬತ್ತರ ದಶಕದ ಮಧ್ಯದ ಮಾತು. ನನಗಾಗ ನಲವತ್ತೆರಡು. ತೂಕ ತೊಂಬತ್ತೆಂಟು ಕಿಲೋ. ಹೊಟ್ಟೆ ಸ್ಟೀರಿಂಗಿಗೆ ತಾಗುತ್ತಿತ್ತು, ಖಾಕಿ ಅಂಗಿಯ ನಡುವಿನ ಗುಂಡಿ ನಿಲ್ಲುತ್ತಿರಲಿಲ್ಲ. ಡ್ರೈವರುಗಳಿಗೆ ಆಗಾಗ ನಡೆಯುವ ಮೆಡಿಕಲ್ ಪರೀಕ್ಷೆಗೆ ಹೋದಾಗ ಮೂತ್ರದಲ್ಲಿ ಸಕ್ಕರೆ ಕಂಡಿತು. ಪರೀಕ್ಷೆ ಮಾಡಿದ ಡಾಕ್ಟರು ಸೌಮ್ಯ ಸ್ವಭಾವದವರು, ಆದರೆ ಅವರು ಹೇಳಿದ್ದು ಸೌಮ್ಯವಾಗಿರಲಿಲ್ಲ. ಮೂರು ತಿಂಗಳಲ್ಲಿ ಹತ್ತು ಕಿಲೋ ಇಳಿಯಬೇಕು, ಸಕ್ಕರೆ ಕಾಣಬಾರದು, ಇಲ್ಲದಿದ್ದರೆ ಡ್ರೈವಿಂಗ್‌ಗೆ ಅನ್‌ಫಿಟ್ ಎಂದು ಬರೆಯದೆ ತಮಗೆ ದಾರಿಯಿಲ್ಲ ಎಂದರು.

ಅನ್‌ಫಿಟ್ ಆದವರನ್ನು ನಾನು ಡಿಪೋದಲ್ಲಿ ನೋಡಿದ್ದೆ. ಕೆಲಸವೇನೋ ಹೋಗುತ್ತಿರಲಿಲ್ಲ. ಟೈರು ಎಣಿಸುವುದು, ಗೇಟು ತೆಗೆಯುವುದು, ಬಸ್ಸು ತೊಳೆಯುವವರ ಹಾಜರಿ ಹಿಡಿಯುವುದು. ನಿನ್ನೆಯವರೆಗೆ ಡ್ರೈವರ್ ಸಾಹೇಬರು ಎಂದವರು ಇವತ್ತು ಅವರ ಹೆಸರನ್ನೂ ಮರೆಯುತ್ತಿದ್ದರು. ಊರಲ್ಲಿ ನನಗೆ ಕೆಂಪಣ್ಣ ಎನ್ನುವುದಕ್ಕಿಂತ ಡ್ರೈವರ್ ಎನ್ನುವುದೇ ಹೆಸರಾಗಿತ್ತು. ಸ್ಟೀರಿಂಗ್ ಹೋದರೆ ನಾನು ಯಾರು ಎಂಬ ಭಯ ಅವತ್ತೇ ಶುರುವಾಯಿತು.

ವಿಜಯಪುರದ ಒಬ್ಬ ಡಾಕ್ಟರ ಹತ್ತಿರ ಹೋದೆ. ಸಕ್ಕರೆಗೆ ಮಾತ್ರೆ ಬರೆದುಕೊಟ್ಟರು, ಬೆಳಿಗ್ಗೆ ಒಂದು, ಸಂಜೆ ಒಂದು. ಅನ್ನ ಬಿಡಿ, ಬೇಕಾದರೆ ಮುದ್ದೆ ತಿನ್ನಿ ಎಂದರು. ನಮ್ಮ ಕಡೆಯವನಿಗೆ ಇಂಥ ಮಾತು ಹೇಳುವುದೂ ಒಂದೇ, ಹಸಿದ ಎತ್ತನ್ನು ಹುಲ್ಲಿನ ಮೆದೆಗೆ ಕಟ್ಟುವುದೂ ಒಂದೇ. ಅನ್ನ ಬಿಟ್ಟೆ. ಅದರ ಜಾಗಕ್ಕೆ ಇನ್ನೊಂದು ಮುದ್ದೆ ಬಂತು. ಮಧ್ಯಾಹ್ನ ಎರಡು, ರಾತ್ರಿ ಎರಡು, ಒಂದೊಂದೂ ತೆಂಗಿನಕಾಯಿ ಗಾತ್ರ. ಪಥ್ಯ ಮಾಡುತ್ತಿದ್ದೇನೆ ಎಂಬ ಹೆಮ್ಮೆ ಬೇರೆ. ಒಂದು ತಿಂಗಳು ಕಳೆದ ಮೇಲೆ ಬಸ್ ಸ್ಟ್ಯಾಂಡಿನ ಬಣ್ಣದ ದೀಪದ ತೂಕದ ಮಿಷನ್ ಹತ್ತಿದೆ. ಚೀಟಿಯಲ್ಲಿ ತೊಂಬತ್ತೊಂಬತ್ತು ಎಂದಿತ್ತು. ಅದರ ಹಿಂದೆ ನಿಮಗೆ ಶುಭಕಾಲ ಕೂಡಿಬಂದಿದೆ ಎಂಬ ಭವಿಷ್ಯವೂ ಇತ್ತು.

ನನ್ನ ಬಸ್ಸಿನ ಕಂಡಕ್ಟರ್ ನಂಜುಂಡ ನನಗಿಂತ ಹತ್ತು ವರ್ಷ ಚಿಕ್ಕವನು. ಚೀಟಿ ನೋಡಿ ನಕ್ಕ. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದ. ಅವನಣ್ಣ ಪಿಲ್ಲಗುಂಪೆಯ ಒಂದು ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದ. ಹೊಸಕೋಟೆಯ ಒಬ್ಬ ವಯಸ್ಸಾದ ಡಾಕ್ಟರು ಅವನಿಗೆ ಮಾತ್ರೆಯೇ ಇಲ್ಲದೆ, ಬರೀ ಊಟ ಬದಲಿಸಿ, ನಾಲ್ಕು ತಿಂಗಳಲ್ಲಿ ಇಪ್ಪತ್ತು ಕಿಲೋ ಇಳಿಸಿದ್ದರಂತೆ. ನನಗೆ ಉಳಿದದ್ದು ಎರಡೇ ತಿಂಗಳು. ಮರುದಿನ ಹೊಸಕೋಟೆಯಲ್ಲಿ ಬಸ್ಸು ನಿಲ್ಲಿಸಿದ ಬಿಡುವಿನಲ್ಲೇ ಅಲ್ಲಿಗೆ ಹೋದೆ.

ಅವರ ಕ್ಲಿನಿಕ್ಕು ಎಂದರೆ ಮನೆಯ ಮುಂದಿನ ಜಗಲಿ ಮತ್ತು ಒಂದು ಕೋಣೆ. ನಡುವೆ ಹಸಿರು ಪರದೆ. ಜಗಲಿಯ ಬೆಂಚಿನ ಮೇಲೆ ಎಂಟು ಹತ್ತು ಜನ ಕೂತಿದ್ದೆವು, ಒಳಗೆ ನಡೆದ ಮಾತೆಲ್ಲ ಹೊರಗೆ ಕೇಳುತ್ತಿತ್ತು. ಒಬ್ಬ ಮುದುಕರು ಬೇರೆ ಡಾಕ್ಟರು ಕೊಟ್ಟ ಮಾತ್ರೆಯನ್ನೂ ನುಂಗುತ್ತಿದ್ದರೆಂದು ಗೊತ್ತಾಗಿ ಡಾಕ್ಟರು ಬೈಯುತ್ತಿದ್ದರು. ಎರಡು ದೋಣಿಯ ಮೇಲೆ ಕಾಲಿಟ್ಟವರಿಗೆ ನನ್ನ ಹತ್ತಿರ ಔಷಧಿಯಿಲ್ಲ, ಮೊದಲು ಅದನ್ನು ತೀರ್ಮಾನ ಮಾಡಿಕೊಂಡು ಬನ್ನಿ ಎಂದು ಕಳಿಸಿಬಿಟ್ಟರು. ಮುದುಕರು ತಲೆ ತಗ್ಗಿಸಿಕೊಂಡು ಚಪ್ಪಲಿ ಮೆಟ್ಟಿ ಹೋದರು. ನನ್ನ ಖಾಕಿ ಜೇಬಿನಲ್ಲಿ ವಿಜಯಪುರದ ಮಾತ್ರೆಯ ಹಾಳೆ ಇತ್ತು. ಅದನ್ನು ಬೆರಳಲ್ಲಿ ಇನ್ನಷ್ಟು ಕೆಳಗೆ ತಳ್ಳಿದೆ.

ಒಳಗೆ ಹೋದಾಗ ಅವರು ಕೇಳಿದ ಮೂರನೆಯ ಪ್ರಶ್ನೆಯೇ ಅದು. "ಬೇರೆ ಏನಾದ್ರೂ ಮಾತ್ರೆ ತಗೊಳ್ತಿದೀರಾ?"

"ಇಲ್ಲ ಸಾರ್," ಎಂದೆ.

ಆ ಎರಡು ಮಾತು ಹೇಳಲು ನನಗೆ ಒಂದು ಕ್ಷಣವೂ ಹಿಡಿಯಲಿಲ್ಲ. ಅವರು ಮೂತ್ರ ಪರೀಕ್ಷೆ ಮಾಡಿ, ಸಕ್ಕರೆ ಇದೆ, ಆದರೆ ನಿಮಗೆ ಮಾತ್ರೆ ಬೇಡ, ಊಟದಲ್ಲೇ ಹೋಗುತ್ತದೆ ಎಂದರು. ಒಂದು ಚೀಟಿ ಬರೆದರು. ಅನ್ನ, ರಾಗಿ, ಗೋಧಿ, ದೋಸೆ, ಇಡ್ಲಿ, ಸಕ್ಕರೆ, ಬೆಲ್ಲ, ಆಲೂಗಡ್ಡೆ, ಬಾಳೆಹಣ್ಣು ಯಾವುದೂ ಬೇಡ. ಮೊಟ್ಟೆ, ಕೋಳಿ, ಮೀನು, ಸೊಪ್ಪು, ಬದನೆ, ಹೀರೆ, ಮಜ್ಜಿಗೆ, ಒಂದು ಹಿಡಿ ಕಡಲೆಕಾಯಿ ಆಗಬಹುದು. ಇದನ್ನೂ ಮಾಡೋಣ, ಆ ಮಾತ್ರೆಯನ್ನೂ ನುಂಗೋಣ, ಒಂಟೆತ್ತಿಗಿಂತ ಜೋಡೆತ್ತು ಕಟ್ಟಿದರೆ ಬಂಡಿ ಬೇಗ ಊರು ಸೇರುತ್ತದೆ ಎಂಬುದು ನನ್ನ ಲೆಕ್ಕಾಚಾರ.

ಮನೆಯಲ್ಲಿ ಅಡುಗೆ ನಮ್ಮವ್ವನದು. ಹೆಂಡತಿ ಜಯಮ್ಮ ವಿಜಯಪುರದಲ್ಲಿ ರೇಷ್ಮೆ ನೂಲು ಹುರಿ ಮಾಡುವ ಮಿಷನ್ನಿನ ಕೆಲಸಕ್ಕೆ ಬೆಳಗಾಗುತ್ತಲೇ ಹೋಗುತ್ತಿದ್ದಳು. ಚೀಟಿಯನ್ನು ಓದಿ ಹೇಳಿದಾಗ ಅವ್ವ ನಂಬಲೇ ಇಲ್ಲ. ನಮ್ಮ ಕಡೆ ಮುದ್ದೆಗೆ ಹಿಟ್ಟು ಅನ್ನುತ್ತೇವೆ. ಹಿಟ್ಟುಂಡರೆ ಮಾತ್ರ ಊಟ, ಮಿಕ್ಕಿದ್ದೆಲ್ಲ ನೆಂಚಿಕೊಳ್ಳುವುದು. ತಟ್ಟೆಯಲ್ಲಿ ನಾಲ್ಕು ಮೊಟ್ಟೆ, ಅರ್ಧ ಕೋಳಿ ಇದ್ದರೂ ಅವಳ ಕಣ್ಣಿಗೆ ಅದು ಖಾಲಿ ತಟ್ಟೆ. ನಾನು ತಿಂದು ಕೈ ತೊಳೆದ ಮೇಲೂ ಅವಳು ನನ್ನನ್ನು ಯಾವಾಗ ಉಣ್ಣುತ್ತೀಯ ಎಂದು ಕೇಳುತ್ತಿದ್ದಳು.

ಮೊದಲ ಹದಿನೈದು ದಿನ ತೂಕ ಸರಸರ ಇಳಿಯಿತು. ಐದು ಕಿಲೋ. ಆದರೆ ಬೆಳಿಗ್ಗೆ ಹೊತ್ತು ಕೈ ನಡುಗುವುದು, ಬೆವರುವುದು, ತುಟಿ ಜುಮ್ಮೆನ್ನುವುದು ಶುರುವಾಯಿತು. ಕೊಬ್ಬು ಕರಗುವಾಗ ಹೀಗೇ ಆಗುತ್ತದೆ ಎಂದುಕೊಂಡೆ. ಇನ್ನೊಂದು ಕಾಟ ಎಂದರೆ ಬಾಯಿಯ ವಾಸನೆ. ಕೊಳೆತ ಹಣ್ಣಿನ ಹಾಗೆ ಒಂಥರಾ ಹುಳಿ ವಾಸನೆ. ಇಂಥ ಪಥ್ಯದಲ್ಲಿ ಅದು ಬರುತ್ತದೆಂದು ಆಗ ನನಗೇನು ಗೊತ್ತು. ಜಯಮ್ಮ ಒಂದು ಸಂಜೆ ಹತ್ತಿರ ಬಂದವಳು ಹಾಗೇ ಹಿಂದೆ ಸರಿದು, ಕುಡಿಯುವುದನ್ನೂ ಕಲಿತಿರಾ ಎಂದಳು. ನಮ್ಮಪ್ಪ ಹೆಂಡ ಕುಡಿದೇ ಸತ್ತವನು. ನಾನು ಜನ್ಮದಲ್ಲಿ ಮುಟ್ಟಿದವನಲ್ಲ. ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದವನ ಪಾಡು ನನ್ನದಾಯಿತು. ನಂಜುಂಡನೂ ಒಂದೆರಡು ಸಲ ಮೂಗು ಅರಳಿಸಿ ನನ್ನನ್ನೇ ನೋಡಿದ.

ಮೂರನೆಯ ವಾರದಿಂದ ನಡುಕ ತಾನಾಗಿಯೇ ನಿಂತಿತು. ವಾಸನೆಯೂ ಕಡಿಮೆಯಾಯಿತು. ಆದರೆ ತೂಕವೂ ನಿಂತುಬಿಟ್ಟಿತು. ತೊಂಬತ್ತನಾಲ್ಕು, ಮತ್ತೆ ತೊಂಬತ್ತನಾಲ್ಕು. ಪ್ರತಿ ವಾರ ಮಿಷನ್ನಿನ ಮೇಲೆ ನಿಂತು ಚೀಟಿ ಬೀಳುವ ಶಬ್ದಕ್ಕೆ ಕಾಯುತ್ತಿದ್ದೆ. ಮೆಡಿಕಲ್‌ಗೆ ಇನ್ನು ನಾಲ್ಕು ವಾರವೂ ಇರಲಿಲ್ಲ.

ಒಂದು ದಿನ ಬಸ್ಸು ಕೆಟ್ಟು ಡಿಪೋಗೆ ಹೋಯಿತು, ನಾನು ಬೆಳಿಗ್ಗೆ ಹತ್ತಕ್ಕೇ ಮನೆಗೆ ಬಂದೆ. ಅವ್ವ ಒಲೆಯ ಮುಂದೆ ಕೂತಿದ್ದಳು. ಪಕ್ಕದಲ್ಲಿ ರಾಗಿ ಹಿಟ್ಟಿನ ಡಬ್ಬ. ಒಂದು ಹಿಡಿ ಹಿಟ್ಟನ್ನು ನೀರಿನಲ್ಲಿ ಕದಡಿ, ನನಗೆಂದು ಬೇರೆ ಇಟ್ಟಿದ್ದ ಸೊಪ್ಪಿನ ಸಾರಿನ ಮಡಕೆಗೆ ಸುರಿದು ತಿರುವುತ್ತಿದ್ದಳು. ಈಚೆಗೆ ಸಾರು ಗಟ್ಟಿಯಾಗಿ ರುಚಿಯಾಗಿರುತ್ತಿತ್ತು, ಅದನ್ನು ನಾನೇ ಹೊಗಳಿದ್ದೆ. ಬೆಳಿಗ್ಗೆ ಬಸ್ಸಿಗೆ ಹೊರಡುವ ಮೊದಲು ಕುಡಿಯುತ್ತಿದ್ದುದು, ಮಧ್ಯಾಹ್ನ ಕ್ಯಾರಿಯರಿನಲ್ಲಿ ಬರುತ್ತಿದ್ದುದು ಎರಡೂ ಅದೇ ಸಾರು.

ನಾನು ಕೋಪಿಷ್ಠ. ಅವತ್ತು ಕೂಗಾಡಿದ್ದು ಬೀದಿಗೆಲ್ಲ ಕೇಳಿರಬೇಕು. ಅಂದ ಮಾತುಗಳಲ್ಲಿ ಒಂದು ಮಾತ್ರ ಇವತ್ತಿಗೂ ಮುಳ್ಳಿನ ಹಾಗೆ ಒಳಗೇ ಉಳಿದಿದೆ.

"ಅಪ್ಪ ಕುಡ್ದು ಮನೆ ಹಾಳ್ಮಾಡ್ದ, ನೀನು ಉಣ್ಣಿಸಿ ಹಾಳ್ಮಾಡ್ತೀಯ. ನನ್ ಕೆಲಸ ತೆಗೆದೇ ನೀನು ಕಣ್ಮುಚ್ಚೋದು."

ಅವ್ವ ಸೌಟನ್ನು ಮಡಕೆಯ ಮೇಲಿಟ್ಟು ಎದ್ದು ಹಿತ್ತಲಿಗೆ ಹೋದಳು. ಅವತ್ತಿನಿಂದ ನನ್ನ ಸಾರು ನೀರಾಯಿತು. ಅವಳು ಬಡಿಸುತ್ತಿದ್ದಳು, ಬಡಿಸಿ ಹೊರಗೆ ಹೋಗಿ ಕೂರುತ್ತಿದ್ದಳು. ನಾನೂ ಮಾತಾಡಿಸಲಿಲ್ಲ. ತಪ್ಪು ಅವಳದು ಎಂದು ನನಗೆ ಅಷ್ಟು ಖಚಿತವಾಗಿತ್ತು.

ನಾಲ್ಕನೆಯ ದಿನ ಬೆಳಿಗ್ಗೆ ಎಂದಿನಂತೆ ಮಾತ್ರೆ ನುಂಗಿ, ಎರಡು ಮೊಟ್ಟೆ ತಿಂದು, ಮಜ್ಜಿಗೆ ಕುಡಿದು ಮೊದಲ ಟ್ರಿಪ್ಪು ಹೊರಟೆ. ಬಸ್ಸು ತುಂಬಿತ್ತು. ಸೀಟು ಸಿಗದ ಶಾಲೆಯ ಮಕ್ಕಳು ನಾಲ್ಕೈದು ಜನ ಯಾವಾಗಲೂ ನನ್ನ ಪಕ್ಕ ಇಂಜಿನ್ನಿನ ಮುಚ್ಚಳದ ಮೇಲೆ ಕೂರುತ್ತಿದ್ದವು, ಅವತ್ತೂ ಕೂತಿದ್ದವು. ಸೂಲಿಬೆಲೆ ದಾಟುವಾಗ ಕೈ ನಡುಗತೊಡಗಿತು. ಬೆನ್ನು ಪೂರ್ತಿ ಒದ್ದೆ. ಹಸಿವು ಅಂದರೆ ಎಂಥ ಹಸಿವು, ಮಕ್ಕಳ ಊಟದ ಡಬ್ಬಿ ಕಿತ್ತುಕೊಂಡು ತಿನ್ನುವಷ್ಟು. ಎದುರಿನ ರಸ್ತೆ ಒಂದು ಸಲ ಎರಡಾಯಿತು, ಮತ್ತೆ ಒಂದಾಯಿತು.

ಮುಂದೆ ಕೆರೆ ಏರಿ. ಏರಿಯ ಮೇಲೆ ಒಂದೇ ಬಸ್ಸು ಹಿಡಿಸುವಷ್ಟು ರಸ್ತೆ, ಒಂದು ಕಡೆ ನೀರು, ಇನ್ನೊಂದು ಕಡೆ ಆಳದಲ್ಲಿ ಗದ್ದೆ. ಅದಕ್ಕೆ ಮೊದಲೇ ನಿಲ್ಲಿಸಬೇಕಿತ್ತು. ನಿಲ್ಲಿಸಬೇಕು ಎಂದು ಅನ್ನಿಸಿತ್ತು ಕೂಡ, ಆದರೆ ನಿಲ್ಲಿಸಿದರೆ ಯಾಕೆ ಎಂದು ಹೇಳಬೇಕಲ್ಲ. ಡಿಪೋಗೆ ಗೊತ್ತಾಗುತ್ತದೆ, ಮೆಡಿಕಲ್‌ಗೆ ಗೊತ್ತಾಗುತ್ತದೆ. ಏರಿ ಹತ್ತಿದೆ. ಹತ್ತಿದ್ದು ನೆನಪಿದೆ. ನಡುವೆ ಏನಾಯಿತೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ಒಬ್ಬ ಹುಡುಗಿ "ಡ್ರೈವರ್ ಅಂಕಲ್" ಎಂದು ಕರೆದದ್ದು ಬಾವಿಯೊಳಗಿಂದ ಕೇಳಿಸಿದ ಹಾಗಿತ್ತು. ಆಗ ಏರಿ ಮುಗಿದಿತ್ತು. ಬ್ರೇಕು ಯಾವುದು, ಕ್ಲಚ್ಚು ಯಾವುದು ಎಂದು ಕಾಲಿಗೆ ತಿಳಿಯಲಿಲ್ಲ. ಎರಡನ್ನೂ ತುಳಿದೆ. ಬಸ್ಸು ರಸ್ತೆ ಬಿಟ್ಟು ಒಂದು ಹೊಂಗೆ ಮರದಿಂದ ಮೊಳದೂರದಲ್ಲಿ ನಿಂತಿತು.

ಯಾರಿಗೂ ಗಾಯವಾಗಲಿಲ್ಲ. ನಂಜುಂಡ ಓಡಿಬಂದು ನನ್ನ ಭುಜ ಹಿಡಿದ, ಉಸಿರಿನ ವಾಸನೆ ಬಡಿದು ಮುಖ ತಿರುಗಿಸಿದ. ಮಾತಾಡಲು ಹೋದರೆ ನನ್ನ ನಾಲಿಗೆ ತೊದಲಿತು. ಹಿಂದಿನಿಂದ ಯಾರೋ ಕುಡಿದವ್ನೆ ಎಂದರು, ಇನ್ನೊಬ್ಬರು ಎಳೆದು ಹಾಕಿ ಎಂದರು. ನಾಲ್ಕಾರು ಕೈ ನನ್ನನ್ನು ಸೀಟಿನಿಂದ ಇಳಿಸಿ ರಸ್ತೆಯ ಬದಿಗೆ ಕೂರಿಸಿದವು. ಒಬ್ಬ ಕಪಾಳಕ್ಕೂ ಹೊಡೆದ. ನನಗದು ನೋಯಲಿಲ್ಲ.

ಆಗ ಬಂದವಳು ದ್ರಾಕ್ಷಿ ಬುಟ್ಟಿಯ ಹೆಂಗಸು. ತೋಟದ ದ್ರಾಕ್ಷಿಯನ್ನು ಹೊಸಕೋಟೆಗೆ ಮಾರಲು ಒಯ್ಯುತ್ತಿದ್ದವಳು. ಜನರನ್ನು ಮೊಣಕೈಯಲ್ಲಿ ತಳ್ಳಿ ಮುಂದೆ ಬಂದು ನನ್ನ ಹಣೆ ಮುಟ್ಟಿದಳು.

"ದೂರ ಸರೀರಿ. ಕುಡ್ದೋನಿಗೆ ಹಿಂಗ್ ತಣ್ಣಗೆ ಬೆವರು ಬರಲ್ಲ. ನಮ್ ಯಜಮಾನ್ರಿಗೂ ಸಕ್ರೆ ಕಾಯ್ಲೆ, ಮಾತ್ರೆ ನುಂಗಿ ಉಣ್ದೆ ಇದ್ರೆ ಹಿಂಗೇ ಆಗ್ತದೆ."

ದ್ರಾಕ್ಷಿಯನ್ನು ಅಂಗೈಯಲ್ಲಿ ಹಿಸುಕಿ ರಸವನ್ನು ನನ್ನ ಬಾಯಿಗೆ ಸ್ವಲ್ಪ ಸ್ವಲ್ಪವಾಗಿ ಬಿಟ್ಟಳು. ಆಮೇಲೆ ಇಡೀ ಹಣ್ಣು ಕೊಟ್ಟಳು. ಹತ್ತು ನಿಮಿಷದಲ್ಲಿ ಜಗತ್ತು ತನ್ನ ಜಾಗಕ್ಕೆ ಬಂತು. ಹೊಡೆದವನು ಬಂದು ತಪ್ಪಾಯ್ತಣ್ಣ ಎಂದ. ನನಗೆ ಅಳು ಬಂತು, ಅತ್ತುಬಿಟ್ಟೆ. ಆ ಹೆಂಗಸಿನ ಹೆಸರನ್ನು ಕೇಳುವಷ್ಟು ತೋಚಲಿಲ್ಲ.

ಮುಂದೆ ನಾನು ಮಾಡಿದ್ದನ್ನು ಮುಚ್ಚಿಡುವುದಿಲ್ಲ. ಅದೇ ಬಸ್ಸನ್ನು, ಅದೇ ಜನರನ್ನು ಕೂರಿಸಿಕೊಂಡು ನಿಧಾನವಾಗಿ ಹೊಸಕೋಟೆಗೆ ಓಡಿಸಿದೆ. ತಡವಾದದ್ದಕ್ಕೆ ಟೈರು ಪಂಕ್ಚರ್ ಎಂದು ನಂಜುಂಡ ಬರೆದುಕೊಂಡ. "ನಾನ್ ಯಾರ್ಗೂ ಬಾಯ್ಬಿಡಲ್ಲ ಕೆಂಪಣ್ಣ," ಎಂದ, "ಆದ್ರೆ ನೀನು ಈಗ್ಲೇ ಡಾಕ್ಟ್ರ ಹತ್ರ ಹೋಗ್ದಿದ್ರೆ ಈ ಬಸ್ಸು ಹತ್ತಲ್ಲ." ವಾಪಸ್ ಟ್ರಿಪ್ಪಿಗೆ ಅವನೇ ಬೇರೆ ಡ್ರೈವರನ್ನು ಒಪ್ಪಿಸಿದ.

ಜಗಲಿಯ ಬೆಂಚಿನ ಮೇಲೆ ಈ ಸಲ ಕೂರಲಾಗಲಿಲ್ಲ, ನಿಂತೇ ಇದ್ದೆ. ಒಳಗೆ ಹೋಗಿ ಮಾತ್ರೆಯ ಹಾಳೆಯನ್ನು ಮೇಜಿನ ಮೇಲಿಟ್ಟೆ. ಡಾಕ್ಟರು ಅದನ್ನು ತಿರುಗಿಸಿ ನೋಡಿದರು. ಬೈಯುತ್ತಾರೆಂದು ಕಾದೆ. ಅವರ ಮುಖ ಬಿಳಿಚಿಕೊಂಡಿತು. ಸಕ್ಕರೆ ಇಳಿಸುವ ಮಾತ್ರೆ ನುಂಗಿ, ಇಳಿಯಬೇಕಾದ ಸಕ್ಕರೆಯನ್ನೇ ತಿನ್ನದಿದ್ದರೆ ಅದು ಇರುವುದನ್ನೇ ಎಳೆದು ಕೆಳಗಿಡುತ್ತದೆ, ಇಷ್ಟು ದಿನ ಬದುಕಿದ್ದೇ ದೊಡ್ಡದು ಎಂದರು. ಆಮೇಲೆ ನಡೆದದ್ದನ್ನೆಲ್ಲ ನನ್ನಿಂದ ಹೇಳಿಸಿಕೊಂಡು, ನಡುವೆ ಎರಡು ವಾರ ನಡುಕ ಯಾಕೆ ನಿಂತಿತ್ತು, ಈಗ ನಾಲ್ಕು ದಿನದಿಂದ ಏನು ಬದಲಾಯಿತು ಎಂದು ಕೇಳಿದರು. ಅವ್ವನ ರಾಗಿ ಹಿಟ್ಟಿನ ಕಥೆ ಹೇಳಿದೆ, ದೂರು ಹೇಳುವ ದನಿಯಲ್ಲೇ ಹೇಳಿದೆ.

ಅವರು ಮಾತ್ರೆಯ ಹಾಳೆಯನ್ನು ಮೇಜಿನ ಡ್ರಾಯರಿಗೆ ಹಾಕಿದರು.

"ಆ ಎರಡು ವಾರ ನಿಮ್ಮನ್ನ ಹಿಡ್ಕೊಂಡಿದ್ದು ನಿಮ್ಮ ತಾಯಿ ಕಣ್ರೀ. ನೀವು ಕೈ ಕೊಡವಿ ಬಿಡಿಸ್ಕೊಂಡ್ರಿ."

ಮಾತ್ರೆ ಅವತ್ತೇ ನಿಂತಿತು. ಮಧ್ಯಾಹ್ನ ನಿಂಬೆ ಗಾತ್ರದ ಒಂದು ಮುದ್ದೆ, ಮಿಕ್ಕಿದ್ದೆಲ್ಲ ಚೀಟಿಯ ಪ್ರಕಾರ ಎಂದರು. ವಾರಕ್ಕೊಮ್ಮೆ ಬರಬೇಕು, ನಾಲ್ಕು ದಿನ ಬಸ್ಸು ಮುಟ್ಟಬಾರದು. ರಜೆ ಹಾಕಿದೆ.

ಮನೆಗೆ ಬಂದಾಗ ಅವ್ವ ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಎದುರಿಗೆ ಕುಕ್ಕರಗಾಲಲ್ಲಿ ಕೂತು ಎಲ್ಲ ಹೇಳಿದೆ. ಏರಿಯ ವಿಷಯ ಬಂದಾಗ ಅವಳ ಕೈ ನಿಂತಿತು. ತಾನು ಹಿಟ್ಟು ಹಾಕುವುದನ್ನು ನಿಲ್ಲಿಸಿದ್ದಕ್ಕೇ ಹೀಗಾಯಿತು ಎಂದು ಅವಳೇ ತನ್ನ ಮೇಲೆ ಹಾಕಿಕೊಳ್ಳಲು ಹೊರಟಳು. ಇಲ್ಲವ್ವ, ನಾನು ಕೂಗಾಡಿ ನಿಲ್ಲಿಸಿದ್ದಕ್ಕೆ ಆಯಿತು ಎಂದೆ. ಯಾಕೆ ಹಾಕುತ್ತಿದ್ದೆ ಎಂದು ಆಗ ಮೊದಲ ಸಲ ಕೇಳಿದೆ.

"ನೀನು ಚೆಂಬು ಎತ್ತುವಾಗ ಕೈ ನಡುಗ್ತಿತ್ತಲ್ಲಪ್ಪಾ. ನಾನು ಹಸ್ಕೊಂಡು ಕಳೆ ಕೀಳಕ್ಕೆ ಹೋಗ್ತಿದ್ ಕಾಲ್ದಾಗೆ ನನ್ ಕೈಯೂ ಹಂಗೇ ನಡುಗ್ತಿತ್ತು. ಡಾಕ್ಟ್ರು ಓದ್ಕೊಂಡವ್ರು, ಇರಬೋದು. ನಡುಗೋ ಕೈಯಾಗೆ ಬಸ್ ಹೆಂಗ್ ಹಿಡೀತಾನೆ ಅಂತ ಒಂದ್ ಹಿಡಿ ಹಾಕ್ದೆ."

ತಪ್ಪಾಯ್ತು ಎಂದೆ. ಅಪ್ಪನ ಹೆಸರು ತೆಗೆದದ್ದಕ್ಕೂ ತಪ್ಪಾಯ್ತು ಎಂದೆ. ಅವ್ವ ಕಾಯಿ ಸುಲಿಯುವುದನ್ನು ಮುಂದುವರಿಸುತ್ತ, ಆ ಮಾತು ಮಾತ್ರ ಆಡಬಾರದಿತ್ತು ಎಂದಳು.

ಮೂರು ವಾರದ ನಂತರ ಮೆಡಿಕಲ್. ಕಾಯುವ ಕೋಣೆಯಲ್ಲಿ ಇಪ್ಪತ್ತು ಜನ ಡ್ರೈವರುಗಳಿದ್ದೆವು. ಒಬ್ಬರಿಗೊಬ್ಬರು ಕಣ್ಣು ಕೊಡದೆ ಗೋಡೆ ನೋಡುತ್ತ ಕೂತಿದ್ದೆವು. ಒಳಗೆ ಹೋದವರು ಹೊರಬರುವಾಗ ಮುಖ ನೋಡಿಯೇ ಫಲಿತಾಂಶ ಗೊತ್ತಾಗುತ್ತಿತ್ತು. ನನ್ನ ತೂಕ ಎಂಬತ್ತೆಂಟು. ಮೂತ್ರದಲ್ಲಿ ಸಕ್ಕರೆ ಇಲ್ಲ. ಡಾಕ್ಟರಿಗೆ ಖುಷಿಯಾಯಿತು. ನಿಮ್ಮ ಹಾಗೆ ಹಟ ಹಿಡಿದು ಇಳಿಸಿದವರನ್ನು ನೋಡಿಲ್ಲ ಎಂದು ಫಾರಂ ತುಂಬಲು ಕೂತರು. ಕಣ್ಣು ಸರಿ, ಕಿವಿ ಸರಿ, ರಕ್ತದೊತ್ತಡ ಸರಿ. ಫಿಟ್ ಎಂದು ಬರೆದೂ ಆಯಿತು. ಆಮೇಲೆ ಬಿಟ್ಟುಹೋಗಿದ್ದ ಒಂದು ಸಾಲಿನ ಮೇಲೆ ಪೆನ್ನಿಟ್ಟು, ತಲೆಯೆತ್ತದೆಯೇ ಕೇಳಿದರು.

"ಡ್ಯೂಟೀಲಿ ಯಾವತ್ತಾದ್ರೂ ತಲೆ ಸುತ್ತು, ಎಚ್ಚರ ತಪ್ಪೋದು ಆಗಿದೆಯಾ? ಇಲ್ಲ ತಾನೆ?"

ಇಲ್ಲ ಎನ್ನುವುದು ಎಷ್ಟು ಸುಲಭ ಎಂದು ನನಗೆ ಗೊತ್ತಿತ್ತು. ನಂಜುಂಡ ಬಾಯಿಬಿಡುವವನಲ್ಲ. ಮಾತ್ರೆ ನಿಂತಿದೆ, ನಡುಕವಿಲ್ಲ. ಹಸಿರು ಪರದೆಯ ಹಿಂದೆ ಹೇಳಿದ ಆ ಎರಡು ಮಾತು ನಾಲಿಗೆಯ ತುದಿಯಲ್ಲೇ ಬಂದು ನಿಂತಿತು.

"ಆಗಿದೆ ಸಾರ್. ಒಂದು ಸಲ. ಕೆರೆ ಏರಿ ಮೇಲೆ."

ಅವರು ಪೆನ್ನು ಎತ್ತಿದರು. ಯಾರಾದರೂ ದೂರು ಕೊಟ್ಟಿದ್ದಾರಾ ಎಂದು ಕೇಳಿದರು. ಇಲ್ಲ ಎಂದೆ. ಹಾಗಿದ್ದರೆ ಈಗ ಯಾಕೆ ಹೇಳುತ್ತಿದ್ದೀರಿ ಎಂದರು.

"ನನ್ ಪಕ್ಕ ಮಕ್ಳು ಕೂತ್ಕೊಂತವೆ ಸಾರ್."

ಮಾತ್ರೆಯ ಕಥೆಯನ್ನೂ ಹೇಳಿದೆ. ಅವರು ಬರೆದಿದ್ದನ್ನು ಹೊಡೆದು ಹಾಕಿದರು. ಮಾತ್ರೆಯಿಲ್ಲದೆ ಒಂಬತ್ತು ತಿಂಗಳು ನೋಡೋಣ, ಅಲ್ಲಿಯವರೆಗೆ ಸ್ಟೀರಿಂಗ್ ಬೇಡ ಎಂದರು. ಒಂಬತ್ತು ತಿಂಗಳು ಟೈರು ಎಣಿಸಿದೆ. ಪಂಕ್ಚರ್ ಎಂದು ಬರೆದ ಸುಳ್ಳಿಗೆ ನಾನೂ ನಂಜುಂಡನೂ ಮೇಲಿನವರ ಮುಂದೆ ನಿಂತು ಮಾತು ಕೇಳಿದೆವು. ಅವನು ಎರಡು ತಿಂಗಳು ನನ್ನೊಂದಿಗೆ ಮುಖ ಕೊಟ್ಟು ಮಾತಾಡಲಿಲ್ಲ. ಊರಲ್ಲಿ ಕುಡಿದು ಸಿಕ್ಕಿಬಿದ್ದ ಎಂಬ ಸುದ್ದಿ ಹಬ್ಬಿ, ಅದು ಅಡಗಲು ಬಹಳ ಕಾಲ ಬೇಕಾಯಿತು. ಜಯಮ್ಮ ಮಿಷನ್ನಿನ ಹತ್ತಿರ ಹೆಂಗಸರೊಡನೆ ಆ ಮಾತಿಗಾಗಿ ಜಗಳವಾಡಿ ಬಂದಳು. ತೂಕ ಎಪ್ಪತ್ತಾರಕ್ಕೆ ಇಳಿದು ನಿಂತಿತು. ಸಂಜೆ ಅಂಗಳದಲ್ಲಿ ಕೂತು, ರಸ್ತೆಯಲ್ಲಿ ಹೋಗುವ ಬಸ್ಸಿನ ಗೇರು ಬದಲಾಗುವ ಶಬ್ದ ಕೇಳಿಸಿಕೊಂಡು ಒಳಗೇ ಬೆಂದಿದ್ದೇನೆ. ಈ ಪಥ್ಯ ಮಾಡುವವರಿಗೆ ನನ್ನ ಬುದ್ಧಿವಾದ ಒಂದೇ. ಏನು ಬಿಡುತ್ತೀರೋ ಬಿಡಿ, ಜೇಬಿನಲ್ಲಿರುವ ಮಾತ್ರೆಯನ್ನು ಮೊದಲು ಡಾಕ್ಟರ ಮೇಜಿನ ಮೇಲಿಡಿ. ಬೈದರೆ ಬೈಸಿಕೊಳ್ಳಿ.

ಮತ್ತೆ ಬಸ್ಸು ಕೊಟ್ಟ ದಿನ, ಸೀಟು ಹತ್ತಿ ಕೂತರೆ ಮೊಣಕಾಲು ನಡುಗುತ್ತಿತ್ತು. ಅದು ಸಕ್ಕರೆಯ ನಡುಕವಲ್ಲ, ಆ ವ್ಯತ್ಯಾಸ ನನಗಷ್ಟೊತ್ತಿಗೆ ಗೊತ್ತಿತ್ತು. ಏರಿಯ ಮೇಲೆ ನನ್ನನ್ನು ನಾನೇ ನಂಬುವುದು ಹೇಗೆ ಎಂದು ತಿಳಿಯುತ್ತಿರಲಿಲ್ಲ. ನಮ್ಮ ಹಳ್ಳಿಯ ದಾರಿ ದೊಡ್ಡ ರಸ್ತೆಗೆ ಕೂಡುವ ಗೇಟಿನಲ್ಲಿ ಅವ್ವ ಕೈ ಅಡ್ಡ ಹಿಡಿದು ನಿಂತಿದ್ದಳು. ವರ್ಷಕ್ಕೊಮ್ಮೆ ಶಿವಗಂಗೆಗೆ ಹೋಗುವುದು ಬಿಟ್ಟರೆ ಬಸ್ಸು ಹತ್ತದವಳು, ಒಗೆದ ಸೀರೆ ಉಟ್ಟು ಹತ್ತಿ, ನನ್ನ ಹಿಂದಿನ ಸೀಟಿನಲ್ಲಿ ಕೂತಳು. ನಂಜುಂಡ ಬಂದು, ಎಲ್ಲಿಗಮ್ಮ ಎಂದು ಕೇಳಿದ.

"ಇವನು ಎಲ್ಲಿಗಂಟ ಹೊಡೀತಾನೋ ಅಲ್ಲಿಗಂಟ ಕೊಡಪ್ಪಾ," ಎಂದಳು.